ಹಣ ನನ್ನದು, ಪಿನ್ ಅಣ್ಣನ ಮಗನ ಕೈಯಲ್ಲಿ: ಏನು ಮಾಡಲಿ?

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನವಳು, ವಯಸ್ಸು 36. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ತಂದೆ ತೀರಿಕೊಂಡ ಮೇಲೆ ಅದೇ ಮನೆಯಲ್ಲಿ ಅಣ್ಣನ ಸಂಸಾರದ ಜೊತೆ ಇದ್ದೇನೆ. ಅಂಗವಿಕಲರ ಪಿಂಚಣಿಯೂ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಜಮೀನಿನಲ್ಲಿ ನನ್ನ ಪಾಲಿನ ಹಣವೂ ನನ್ನ ಖಾತೆಗೆ ಬರುತ್ತವೆ. ಆ್ಯಪ್ ಸರಿಯಾಗಿ ಓದಿ ಹೇಳುವುದಿಲ್ಲವೆಂದು ಯುಪಿಐ ಪಿನ್ ಹಾಕಿಕೊಟ್ಟವನು ಅಣ್ಣನ ಮಗ. ಎಟಿಎಂ ಕಾರ್ಡ್ ಅತ್ತಿಗೆಯ ಬಳಿ ಇದೆ. ಲೆಕ್ಕ ಕೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆಫ್ ಮಾಡಿ ಕೊಡುತ್ತಾರೆ. ಹೋದ ತಿಂಗಳು ಅಣ್ಣ ಹೊಡೆದ. ಬ್ಯಾಂಕಿಗೆ ಹೋದರೆ ‘ಮನೆಯವರನ್ನು ಕರೆದುಕೊಂಡು ಬನ್ನಿ’ ಎನ್ನುತ್ತಾರೆ. ಈಗ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತು ಎನ್ನುತ್ತಿದ್ದಾರೆ. ಅಣ್ಣನನ್ನು ಜೈಲಿಗೆ ಹಾಕಿಸುವ ಆಸೆ ನನಗಿಲ್ಲ. ಇದು ದೌರ್ಜನ್ಯವೇ, ಅಥವಾ ನಾನೇ ದೊಡ್ಡದು ಮಾಡುತ್ತಿದ್ದೇನೆಯೇ?

ಉತ್ತರ: ಇದು ದೌರ್ಜನ್ಯವೇ. ಹೊಡೆದದ್ದು ಮಾತ್ರವಲ್ಲ, ಅದಕ್ಕೂ ಮುಂಚೆ ನಡೆದದ್ದೆಲ್ಲವೂ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ ದೈಹಿಕ ಹಿಂಸೆಯ ಪಕ್ಕದಲ್ಲೇ ಆರ್ಥಿಕ ದೌರ್ಜನ್ಯವನ್ನೂ ಇಟ್ಟಿದೆ. ನಿಮಗೆ ಹಕ್ಕಾಗಿ ಬರಬೇಕಾದ ಹಣವನ್ನು ತಪ್ಪಿಸುವುದು ಅದರೊಳಗೆ ಬರುತ್ತದೆ. ಈ ಕಾಯ್ದೆ ಗಂಡ ಹೆಂಡತಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಒಂದೇ ಮನೆಯಲ್ಲಿ ಬಾಳುವ ತಂಗಿಯೂ ಅಣ್ಣನ ಮೇಲೆ ಅರ್ಜಿ ಹಾಕಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯಿಂದ ‘ವಯಸ್ಕ ಪುರುಷ’ ಎಂಬ ಮಾತನ್ನು ತೆಗೆದುಹಾಕಿದ ಮೇಲೆ ಅತ್ತಿಗೆಯನ್ನೂ ಎದುರುದಾರಳಾಗಿ ಸೇರಿಸಲು ಅಡ್ಡಿಯಿಲ್ಲ.

ಈ ಉತ್ತರವನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ, ಮನೆಯಲ್ಲಿ ಯಾರೂ ಇಲ್ಲದಿರುವಾಗ ಕೇಳಿ.

ಮೊದಲು ಆ ಕಾಗದದ ವಿಚಾರ, ಏಕೆಂದರೆ ಉಳಿದದ್ದೆಲ್ಲ ಒಂದು ವಾರ ಕಾಯಬಹುದು, ಇದು ಕಾಯುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಮುಂದೆ ಹೀಗೆ ಬರುವ ಕಾಗದ ಸಾಮಾನ್ಯವಾಗಿ ಎರಡರಲ್ಲಿ ಒಂದಾಗಿರುತ್ತದೆ: ಆಸ್ತಿಯಲ್ಲಿನ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ, ಅಥವಾ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡುವ ಜಿಪಿಎ. ಸೋಲಾರ್ ಪಾರ್ಕಿಗೆ ಹೋದ ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಗುತ್ತಿಗೆ ಅದು. ಮಳೆ ಬರಲಿ ಬಿಡಲಿ ಹಣ ಬರುತ್ತದೆ. ಬರದ ಸೀಮೆಯಲ್ಲಿ ಅಂಥ ಆದಾಯ ಬಂದ ದಿನದಿಂದ ಪಹಣಿಯಲ್ಲಿ ತಂಗಿಯ ಹೆಸರು ಕೆಲವರ ಕಣ್ಣಿಗೆ ಚುಚ್ಚತೊಡಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಕಾಯಿಲೆ, ಊನ ಅಥವಾ ಅಂಗವೈಕಲ್ಯದ ಕಾರಣಕ್ಕೆ ಯಾರಿಗೂ ಆಸ್ತಿಯ ಹಕ್ಕು ತಪ್ಪುವುದಿಲ್ಲ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹಕ್ಕು ಬಿಡುಗಡೆಯಾಗಬೇಕಾದರೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಅಂದರೆ ಒಂದು ದಿನ ನಿಮ್ಮನ್ನು ‘ಸ್ವಲ್ಪ ಪಾವಗಡಕ್ಕೆ ಹೋಗಿ ಬರೋಣ’ ಎಂದು ಕರೆದೊಯ್ಯುತ್ತಾರೆ. ಆ ದಿನ ಅಧಿಕಾರಿಯ ಎದುರಿಗೇ ‘ಇದರಲ್ಲಿ ಏನಿದೆ, ಓದಿ ಹೇಳಿ’ ಎಂದು ಕೇಳಿ. ಓದಿ ಹೇಳದೆ ಹೆಬ್ಬೆಟ್ಟು ಬೇಡ. ಈಗಾಗಲೇ ಒತ್ತಿಬಿಟ್ಟಿದ್ದರೆ ಅದು ಯಾವಾಗ ಎಂದು ನೆನಪು ಮಾಡಿಕೊಂಡು ವಕೀಲರಿಗೆ ತಿಳಿಸಿ. ಮೋಸ ತಿಳಿದ ದಿನದಿಂದ ಮೂರು ವರ್ಷದೊಳಗೆ ಅಂಥ ಪತ್ರವನ್ನು ರದ್ದುಪಡಿಸಲು ದಾವೆ ಹೂಡಬಹುದು. ಪಹಣಿಯನ್ನು ಭೂಮಿ ಕೇಂದ್ರದಲ್ಲಿ ಯಾರು ಬೇಕಾದರೂ ಪಡೆಯಬಹುದು, ಅಣ್ಣನ ಅನುಮತಿ ಬೇಕಿಲ್ಲ. ಒಂದು ಪ್ರತಿ ತೆಗೆಸಿ, ಮನೆಯಿಂದ ಹೊರಗೆ ನಂಬಿಕೆಯವರ ಬಳಿ ಇಡಿ.

ಇನ್ನು ಪಿನ್. ಇಂದು ರಾತ್ರಿಯೇ ಬದಲಿಸಿಬಿಡೋಣ ಎಂದು ನಿಮಗೆ ಅನ್ನಿಸುತ್ತಿರಬಹುದು. ಬೇಡ. ಎರಡು ಕಾರಣಗಳಿವೆ. ನಾಳೆ ಬೆಳಿಗ್ಗೆ ಅವರು ಹಣ ತೆಗೆಯಲು ಹೋಗಿ ಆಗದಿದ್ದಾಗ ಸಿಟ್ಟು ಬೀಳುವುದು ನಿಮ್ಮ ಮೇಲೆ, ಅದೂ ಆ ಮನೆಯೊಳಗೇ. ಕೈ ಎತ್ತುವವರ ಮನೆಯಲ್ಲಿ ಹಿಡಿತ ತಪ್ಪುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಎರಡನೆಯದು ತಾಂತ್ರಿಕ: ಯುಪಿಐ ಪಿನ್ ಹೊಸದಾಗಿ ಹಾಕಲು ಬೇಕಾದದ್ದು ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು ಮತ್ತು ಫೋನಿಗೆ ಬರುವ ಒಟಿಪಿ. ಆಧಾರ್ ಒಟಿಪಿಯಿಂದಲೂ ಹಾಕಬಹುದು. ಕಾರ್ಡ್ ಅತ್ತಿಗೆಯ ಬಳಿ, ಸಿಮ್ ಅಣ್ಣನ ಮಗನ ಕೈಗೆ ಸಿಗುವಂತೆ ಇರುವವರೆಗೆ ನೀವು ಬದಲಿಸಿದ ಪಿನ್ ಅನ್ನು ಅವರು ಹತ್ತು ನಿಮಿಷದಲ್ಲಿ ಮತ್ತೆ ಬದಲಿಸುತ್ತಾರೆ.

ಆದ್ದರಿಂದ ಕೆಲಸ ತಳದಿಂದ ಆರಂಭವಾಗಬೇಕು. ತಳ ಎಂದರೆ ಸಿಮ್. ನಿಮ್ಮ ಕೈಯಲ್ಲಿರುವ ಸಿಮ್ ಯಾರ ಹೆಸರಿನಲ್ಲಿದೆ? ಹಳ್ಳಿಗಳಲ್ಲಿ ಅದು ಬಹಳ ಸಲ ಮನೆಯ ಗಂಡಸಿನ ಹೆಸರಿನಲ್ಲಿ ಇರುತ್ತದೆ. ಹಾಗಿದ್ದರೆ ಅವರು ಅಂಗಡಿಗೆ ಹೋಗಿ ಬದಲಿ ಸಿಮ್ ಪಡೆದು ನಿಮ್ಮ ನಂಬರನ್ನೇ ತಮ್ಮದಾಗಿಸಿಕೊಳ್ಳಬಹುದು. ನಿಮ್ಮದೇ ಹೆಸರಿನಲ್ಲಿ ಹೊಸ ಸಿಮ್ ತೆಗೆದುಕೊಳ್ಳಿ. ನಂತರ ಆಧಾರ್ ಕೇಂದ್ರಕ್ಕೆ ಹೋಗಿ ಆ ಸಂಖ್ಯೆಯನ್ನು ಆಧಾರ್‌ಗೆ ಸೇರಿಸಿ. ಇದಕ್ಕೆ ಯಾವ ದಾಖಲೆಯೂ ಬೇಡ, ನಿಮ್ಮ ಬೆರಳಚ್ಚು ಸಾಕು, ಆದರೆ ನೀವೇ ಹೋಗಬೇಕು. ಆಮೇಲೆ ಬೇರೊಂದು ಬ್ಯಾಂಕಿನಲ್ಲಿ ಹೊಸ ಖಾತೆ. ಅಣ್ಣನಿಗೆ ಪರಿಚಯದವರಿರುವ ಶಾಖೆ ಬೇಡ. ಹೊಸ ಖಾತೆಗೆ ಆಧಾರ್ ಜೋಡಿಸಿದರೆ ಆಧಾರ್ ಮೂಲಕ ನೇರವಾಗಿ ಜಮೆಯಾಗುವ ಸರ್ಕಾರಿ ಹಣ, ಕೊನೆಯದಾಗಿ ಜೋಡಿಸಿದ ಆ ಖಾತೆಗೇ ಹೋಗುತ್ತದೆ. ಗುತ್ತಿಗೆ ಹಣ ಹಾಗಲ್ಲ. ಗುತ್ತಿಗೆ ಪಡೆದ ಸೌರ ವಿದ್ಯುತ್ ಅಭಿವೃದ್ಧಿ ನಿಗಮಕ್ಕೆ ಖಾತೆ ಬದಲಾವಣೆಯ ಪತ್ರವನ್ನು ಪ್ರತ್ಯೇಕವಾಗಿ ಕೊಡಬೇಕು. ಇಷ್ಟು ಸಿದ್ಧವಾದ ಮೇಲೆ, ಒಂದೇ ದಿನ, ಹಳೆಯ ಖಾತೆಯ ಕಾರ್ಡ್ ಮತ್ತು ಯುಪಿಐ ನಿಲ್ಲಿಸಿ. ಬೆರಳಚ್ಚು ಕೊಟ್ಟು ಹಣ ತೆಗೆಯುವ ಯಂತ್ರದ ಬಳಿಗೂ ನಿಮ್ಮನ್ನು ಕರೆದೊಯ್ಯುತ್ತಿದ್ದರೆ, ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿ. ಆಧಾರ್‌ಗೆ ನಿಮ್ಮದೇ ನಂಬರ್ ಸೇರಿದ್ದರೆ ಮಾತ್ರ ಅದು ಸಾಧ್ಯ, ಸಿಮ್‌ನಿಂದ ಆರಂಭಿಸಿ ಎಂದದ್ದು ಅದಕ್ಕೇ.

ಇದನ್ನೆಲ್ಲ ಒಬ್ಬರೇ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕು, ಊರಿನಲ್ಲಿ ಎಲ್ಲರೂ ವಿಆರ್‌ಡಬ್ಲ್ಯು ಎನ್ನುವವರು. ಅವರೂ ಅಂಗವಿಕಲರೇ ಆಗಿರುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಅವರ ಮೇಲಿನ ಎಂಆರ್‌ಡಬ್ಲ್ಯು ಇರುತ್ತಾರೆ. ಕೆಲವರು ಚೆನ್ನಾಗಿ ಕೆಲಸ ಮಾಡುತ್ತಾರೆ, ಕೆಲವರು ಊರಿನ ದೊಡ್ಡವರ ಮುಖ ನೋಡುತ್ತಾರೆ. ನಿಮ್ಮ ಅಣ್ಣನ ಜೊತೆ ಕುಳಿತು ಕಾಫಿ ಕುಡಿಯುವವರಾದರೆ ಅವರನ್ನು ಬಿಟ್ಟು ತಾಲ್ಲೂಕಿನವರ ಬಳಿಗೇ ಹೋಗಿ.

ಬ್ಯಾಂಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಣ್ಣನ ಹಿಡಿತ ಗಟ್ಟಿಯಾದದ್ದು ಅಲ್ಲಿಯೇ. ದೃಷ್ಟಿದೋಷ ಇರುವವರಿಗೆ ಚೆಕ್‌ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್ ಯಾವುದನ್ನೂ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರ ಜೂನ್‌ನಲ್ಲೇ ಸುತ್ತೋಲೆ ಕಳಿಸಿದೆ. ‘ಮನೆಯವರನ್ನು ಕರೆದುಕೊಂಡು ಬನ್ನಿ’ ಎಂಬ ನಿಯಮ ಯಾವ ಪುಸ್ತಕದಲ್ಲಿಯೂ ಇಲ್ಲ. ‘ಗಾರ್ಡಿಯನ್ ಯಾರು?’ ಎಂದರೆ, ಕಣ್ಣು ಕಾಣದ ಮಾತ್ರಕ್ಕೆ ವಯಸ್ಕರಿಗೆ ಗಾರ್ಡಿಯನ್ ಇರುವುದಿಲ್ಲ ಎಂದು ಹೇಳಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪೋಷಕತ್ವ ಇರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯದವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ನಿಮ್ಮ ಹಣದ ವ್ಯವಹಾರ ನಿಮ್ಮದೇ ಎನ್ನುತ್ತದೆ. ಅಷ್ಟೇ ಹೇಳಿ ಬಿಡುವುದಿಲ್ಲ. ನೆರವು ನೀಡುವವರ ಹಿತವೂ ನಿಮ್ಮ ಹಿತವೂ ಒಂದು ವ್ಯವಹಾರದಲ್ಲಿ ಎದುರುಬದುರಾದರೆ ಅವರು ಆ ನೆರವಿನಿಂದ ಹಿಂದೆ ಸರಿಯಬೇಕು, ನೀವು ಬಯಸಿದಾಗ ಆ ನೆರವಿನ ವ್ಯವಸ್ಥೆಯನ್ನು ಬದಲಿಸಬಹುದು, ಮುರಿಯಲೂಬಹುದು ಎಂದೂ ಹೇಳುತ್ತದೆ. ನಿಮಗೆ ಯಾರಾದರೂ ಓದಿ ಹೇಳಬೇಕಾಗಿರಬಹುದು. ಆದರೆ ಇವತ್ತು ಓದಿ ಹೇಳಿದವರನ್ನು ನಾಳೆ ಬಿಡುವ ಅಧಿಕಾರ ನಿಮ್ಮ ಕೈಯಲ್ಲೇ ಇರುತ್ತದೆ. ನಿಮ್ಮ ಅಣ್ಣನ ಮಗನ ವಿಷಯದಲ್ಲಿ ತಪ್ಪಿಹೋದದ್ದು ಇದೊಂದೇ.

ಅದು ತಪ್ಪಿಹೋದದ್ದರಲ್ಲಿ ಆ್ಯಪ್ ಮಾಡಿದವರ ಪಾಲೂ ಇದೆ. ಗುಂಡಿಗಳಿಗೆ ಹೆಸರಿಲ್ಲದಿದ್ದರೆ ಟಾಕ್‌ಬ್ಯಾಕ್ ಬರೀ ‘ಬಟನ್, ಬಟನ್’ ಎನ್ನುತ್ತದೆ. ಚಿತ್ರದಲ್ಲಿರುವ ಅಕ್ಷರ ನೋಡಿ ಬರೆಯಬೇಕಾದ ಕ್ಯಾಪ್ಚಾ ಬಂದರೆ ಅಲ್ಲಿಗೆ ನಿಂತಿತು. ಪರದೆ ಅರ್ಧ ನಿಮಿಷದಲ್ಲಿ ಮುಚ್ಚಿಹೋಗುತ್ತದೆ. ಕೊನೆಗೆ ಫೋನನ್ನು ಪಕ್ಕದವರಿಗೆ ಕೊಡುತ್ತೀರಿ, ಅದರ ಜೊತೆಗೆ ಪಿನ್ನೂ ಹೋಗುತ್ತದೆ. ಇದನ್ನು ನಮ್ಮ ಅಧಿಕಾರಿಗಳು ‘ಅನುಕೂಲ’ದ ಪ್ರಶ್ನೆ ಎಂದುಕೊಂಡಿದ್ದಾರೆ. ನನ್ನ ಪ್ರಕಾರ ಇದು ಬೀಗದ ಪ್ರಶ್ನೆ. ಹಣ ಹೋದರೆ ಆಗುವ ಅನ್ಯಾಯ ನೋಡಿ: ಗ್ರಾಹಕರ ಹೊಣೆಗಾರಿಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಪಾವತಿಯ ಗುಟ್ಟನ್ನು ಬೇರೆಯವರಿಗೆ ತಿಳಿಸುವಂಥ ನಿರ್ಲಕ್ಷ್ಯ ಗ್ರಾಹಕರಿಂದ ಆಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದ್ದೇ. ಓದಲಾಗದ ಆ್ಯಪ್ ಕೊಟ್ಟವರಿಗೆ ಯಾವ ಹೊಣೆಯೂ ಇಲ್ಲ, ಅದರಿಂದಾಗಿ ಪಿನ್ ಹೇಳಬೇಕಾದವರು ನಿರ್ಲಕ್ಷ್ಯದವರು! ಆದರೆ ಅದೇ ಸುತ್ತೋಲೆಯ ಇನ್ನೊಂದು ಸಾಲು ನಿಮ್ಮ ಕೈಗೆ ಸಿಗುವ ಆಯುಧ: ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಕಾರ್ಡ್ ಮತ್ತು ಯುಪಿಐ ನಿಲ್ಲಿಸುವ ಆ ದಿನ ಹಳೆಯ ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ‘ನನ್ನ ಪಿನ್ ಮತ್ತು ಕಾರ್ಡ್ ನನ್ನ ಒಪ್ಪಿಗೆಯಿಲ್ಲದೆ ಬಳಕೆಯಾಗುತ್ತಿದೆ, ಈಗಲೇ ನಿಲ್ಲಿಸಿ’ ಎಂದು ಬರೆಸಿಕೊಟ್ಟು, ಇನ್ನೊಂದು ಪ್ರತಿಗೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಜೊತೆಗೆ ಒಂದು ವರ್ಷದ ಖಾತೆ ವಿವರ ಕೇಳಿ ಪಡೆಯಿರಿ. 30 ದಿನ ಕಳೆದರೂ ಬ್ಯಾಂಕ್ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಹೊಸ ಖಾತೆ ತೆರೆಯುವಾಗ ‘ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ’ ಎಂಬ ಹಂತ ಬಂದು ನಿಂತರೆ, 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನೆನಪಿಸಿ. ಆಸಿಡ್ ದಾಳಿಗೆ ಒಳಗಾದವರೂ ಕಣ್ಣು ಕಾಣದ ಒಬ್ಬರೂ ಸಲ್ಲಿಸಿದ ಅರ್ಜಿಗಳವು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಕಣ್ಣು ಮಿಟುಕಿಸುವುದೊಂದನ್ನೇ ನೆಚ್ಚದೆ ಬೇರೆ ದಾರಿಗಳನ್ನೂ ಕೊಡಬೇಕು ಎಂಬುದೂ ಸೇರಿ ಇಪ್ಪತ್ತು ನಿರ್ದೇಶನಗಳನ್ನು ನೀಡಿತು. ಶಾಖೆಯ ಗುಮಾಸ್ತರಿಗೆ ಇದು ಗೊತ್ತಿರುವ ಸಂಭವ ಕಡಿಮೆ. ಜಗಳ ಬೇಡ, ‘ಇಲ್ಲಿ ಆಗುವುದಿಲ್ಲ ಎಂದು ಬರೆದುಕೊಡಿ’ ಎನ್ನಿ. ಬರೆದುಕೊಡಿ ಎಂದ ಕೂಡಲೇ ಎಷ್ಟೋ ಕಡೆ ಕೆಲಸ ಆಗಿಬಿಡುತ್ತದೆ.

ಫೋನಿನ ಬಗ್ಗೆ. ಹೊಸ ಸಿಮ್‌ಗೆ ಸಾಧ್ಯವಾದರೆ ಬೇರೆ ಫೋನ್ ಇರಲಿ. ಈಗಿನ ಫೋನಿನ ಗೂಗಲ್ ಖಾತೆ ಬಹುಶಃ ಅಣ್ಣನ ಮಗನೇ ತೆರೆದದ್ದು, ಅಂದರೆ ನೀವು ಎಲ್ಲಿದ್ದೀರಿ, ಏನು ಹುಡುಕಿದಿರಿ ಎಂಬುದು ಅವನಿಗೆ ಕಾಣಬಹುದು. ವಾಟ್ಸ್ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು, ಬೇರೆ ಕಡೆ ನಿಮ್ಮ ಸಂದೇಶಗಳು ತೆರೆದಿವೆಯೇ ಎಂದು ಕೇಳಿಸಿಕೊಳ್ಳಿ. ಹೆಂಗಸಿನ ಇಂಟರ್ನೆಟ್, ಇಮೇಲ್ ಬಳಕೆಯನ್ನು ಗಂಡಸು ಕದ್ದು ಗಮನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಅಡಿ ಅಪರಾಧ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಹೊಸ ಫೋನಿನಲ್ಲಿ ಟಾಕ್‌ಬ್ಯಾಕ್ ಮೆನುವಿನಿಂದ ಪರದೆ ಮರೆಮಾಡುವ ಆಯ್ಕೆಯನ್ನು ಹಾಕಿಕೊಳ್ಳಿ. ಪರದೆ ಕಪ್ಪಾಗುತ್ತದೆ, ಧ್ವನಿ ಮಾತ್ರ ಬರುತ್ತದೆ, ಹೆಗಲ ಮೇಲಿನಿಂದ ಇಣುಕುವವರಿಗೆ ಏನೂ ಕಾಣದು. ಒಟಿಪಿ ಬರುವಾಗ ಇಯರ್‌ಫೋನ್ ಹಾಕಿರಿ, ಇಲ್ಲದಿದ್ದರೆ ಪಡಸಾಲೆಗೆಲ್ಲ ಕೇಳುವಂತೆ ಅಂಕಿಗಳನ್ನು ಓದುತ್ತದೆ. ಯಾರಾದರೂ ಟಾಕ್‌ಬ್ಯಾಕ್ ಆಫ್ ಮಾಡಿದರೆ ಧ್ವನಿಯ ಎರಡೂ ಗುಂಡಿಗಳನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಮತ್ತೆ ಬರುತ್ತದೆ, ಆ ಶಾರ್ಟ್‌ಕಟ್ಟನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆನ್ ಮಾಡಿಸಿಟ್ಟಿರಬೇಕು. ಪಾವಗಡದ ಕಡೆ ಇನ್ನೊಂದು ಪೀಕಲಾಟವೂ ಉಂಟು: ಮನೆಯಲ್ಲಿ ತೆಲುಗು, ಓದಿದ್ದು ಕನ್ನಡ, ಬ್ಯಾಂಕಿನ ಸಂದೇಶ ಇಂಗ್ಲಿಷ್. ಕನ್ನಡದ ಧ್ವನಿ ಜೊತೆಗೆ ಇಂಗ್ಲಿಷ್ ಧ್ವನಿಯನ್ನೂ ಹಾಕಿಸಿಕೊಂಡರೆ ಅಂಕಿ ಮತ್ತು ತಾರೀಖು ಸ್ಪಷ್ಟವಾಗಿ ಕೇಳಿಸುತ್ತವೆ.

ಟಾಕ್‌ಬ್ಯಾಕ್ ತೆಗೆಯುವುದನ್ನು ಹುಡುಗಾಟ ಎಂದುಕೊಳ್ಳಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್‌ನಲ್ಲಿ, ಅಂಗವಿಕಲ ವ್ಯಕ್ತಿಯ ನೆರವಿನ ಸಾಧನವನ್ನು ಹಾಳು ಮಾಡುವುದು ಅಥವಾ ಅದರ ಬಳಕೆಗೆ ಅಡ್ಡಿ ಮಾಡುವುದು ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಬಿಳಿ ಕೋಲು ಮುರಿದರೆ ಈ ಸೆಕ್ಷನ್ ಅನ್ವಯಿಸುತ್ತದೆ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ನಿಮಗೆ ಓದು, ದಾರಿ, ಹಣ ಎಲ್ಲವೂ ಆಗಿರುವ ಫೋನಿನ ಧ್ವನಿಯನ್ನು ಬಾಯಿ ಮುಚ್ಚಿಸಿದರೂ ಅನ್ವಯಿಸಬೇಕು ಎಂಬುದು ನನ್ನ ವಾದ. ನಿಮ್ಮ ಅರ್ಜಿಯಲ್ಲಿ ಇದನ್ನು ಬಿಡದೆ ಬರೆಸಿ.

ಈಗ ಜೈಲಿನ ಮಾತು. ಅಣ್ಣನಿಗೆ ಶಿಕ್ಷೆ ಬೇಡ, ನೆಮ್ಮದಿ ಸಾಕು ಎನ್ನುತ್ತೀರಿ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ದಾರಿ ಅಂಥವರಿಗೆಂದೇ ಇರುವುದು. ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿದರೆ ಹೊಡೆಯಬಾರದು, ನಿಮ್ಮ ಖಾತೆ ಮುಟ್ಟಬಾರದು, ನಿಮ್ಮನ್ನು ಮನೆಯಿಂದ ಹೊರಗೆ ಹಾಕಬಾರದು ಎಂಬ ಆದೇಶ ಸಿಗುತ್ತದೆ, ಹೋದ ಹಣಕ್ಕೆ ಪರಿಹಾರವನ್ನೂ ಕೇಳಬಹುದು. ಅಣ್ಣ ಆ ಆದೇಶವನ್ನು ಮುರಿದಾಗಲೇ ಅದು ಅಪರಾಧವಾಗುವುದು. ‘ದೂರು ಕೊಟ್ಟರೆ ಎಲ್ಲಿಗೆ ಹೋಗುತ್ತೀಯ’ ಎಂಬ ಬೆದರಿಕೆಗೂ ಅದರಲ್ಲೇ ಉತ್ತರವಿದೆ: ಆ ಮನೆಯಲ್ಲೇ ಇರುವ ಹಕ್ಕನ್ನು 17ನೇ ಸೆಕ್ಷನ್ ಕೊಡುತ್ತದೆ. ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯಾಗಿ, ಅಂದರೆ ಅರ್ಜಿ ಹಾಕಲು ನಿಮಗೆ ನೆರವಾಗಬೇಕಾದ ಅಧಿಕಾರಿಯಾಗಿ, ಇರುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಅವರ ಕಚೇರಿ ಪಾವಗಡದಲ್ಲೇ ಇದೆ. ನೂರು ಕಿಲೋಮೀಟರ್ ಆಸುಪಾಸಿನ ತುಮಕೂರಿಗೆ ಬಸ್ ಹಿಡಿಯಬೇಕಾಗಿಲ್ಲ.

ಇನ್ನೊಂದು ದಾರಿ ವಕೀಲರಿಗೇ ಅಷ್ಟಾಗಿ ಗೊತ್ತಿಲ್ಲ. 2016ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಅಂಗವಿಕಲರ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ನಿಮ್ಮಲ್ಲಿ ಆ ಅಧಿಕಾರ ಇರುವುದು ತಹಶೀಲ್ದಾರರಿಗೆ, ಅವರ ಮೇಲೆ ಮಧುಗಿರಿಯ ಉಪವಿಭಾಗಾಧಿಕಾರಿಗೆ. ದೌರ್ಜನ್ಯ ತಡೆಯಲು, ಬೇಕಾದರೆ ನಿಮ್ಮನ್ನು ಹೊರತಂದು ಸುರಕ್ಷಿತ ಜಾಗದಲ್ಲಿ ಇರಿಸಲು, ನಿಮ್ಮ ಜೀವನಾಂಶಕ್ಕೆ ವ್ಯವಸ್ಥೆ ಮಾಡಲು ಅವರು ಆದೇಶಿಸಬಹುದು. ಪೊಲೀಸರ ಬಳಿ ಹೋದರೂ, ಈ ದಾರಿ ಇದೆ, ಉಚಿತ ಕಾನೂನು ನೆರವು ಇದೆ ಎಂದು ನಿಮಗೆ ತಿಳಿಸುವುದು ಅವರ ಕರ್ತವ್ಯ ಎಂದು ಅದೇ ಸೆಕ್ಷನ್ ಹೇಳುತ್ತದೆ. ‘ಕಣ್ಣು ಕಾಣದವಳು, ಯಾರು ಹೊಡೆದರು ಎಂದು ಹೇಗೆ ಹೇಳುತ್ತೀಯಮ್ಮ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2021ರ ಏಪ್ರಿಲ್‌ನಲ್ಲಿ, ಕಣ್ಣು ಕಾಣದ ಹೆಣ್ಣುಮಗಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ, ಅಂಗವಿಕಲರ ಸಾಕ್ಷ್ಯವನ್ನು ಕೀಳಾಗಿ ಕಾಣಬಾರದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಧ್ವನಿಯಿಂದ ಗುರುತಿಸುವುದೂ ಗುರುತಿಸುವುದೇ. ಅಂಗವಿಕಲರನ್ನು ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಬೇರೆಯವರ ಸಲುವಾಗಿ ಸೇರಿಸುತ್ತೇನೆ: ಲೈಂಗಿಕ ದೌರ್ಜನ್ಯದ ದೂರಾದರೆ, ಎಫ್‌ಐಆರ್‌ಗೆ ಬೇಕಾದ ಮಾಹಿತಿಯನ್ನೇ ಅವರ ಮನೆಯಲ್ಲಿ ಅಥವಾ ಅವರು ಹೇಳಿದ ಜಾಗದಲ್ಲಿ, ಬೇಕಾದರೆ ಸಂಜ್ಞಾಭಾಷೆ ಬಲ್ಲವರ ಅಥವಾ ವಿಶೇಷ ಶಿಕ್ಷಕರ ಎದುರಿಗೆ, ವಿಡಿಯೊ ಮಾಡಿಕೊಂಡು ಬರೆದುಕೊಳ್ಳಬೇಕು.

ಅಣ್ಣ ಮತ್ತೆ ಕೈ ಎತ್ತಿದರೆ ಈ ಯಾವ ಕ್ರಮವನ್ನೂ ಕಾಯಬೇಡಿ. 112ಕ್ಕೆ ಕರೆ ಮಾಡಿ, ಅಥವಾ ಮಹಿಳಾ ಸಹಾಯವಾಣಿ 181. ಕೆಲವು ದಿನದ ಮಟ್ಟಿಗೆ ತಂಗಲು ತುಮಕೂರಿನಲ್ಲಿ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆಂದೇ ಇರುವ ಸಖಿ ಕೇಂದ್ರವಿದೆ. ಹೊರಡುವ ಪ್ರಸಂಗ ಬಂದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆಧಾರ್, ಪಾಸ್‌ಬುಕ್, ಕೋಲು, ಚಾರ್ಜರ್ ಒಂದೇ ಚೀಲದಲ್ಲಿ ಇರಲಿ.

ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, ನೀವು ಎರಡೂ ಹೌದು. ಪಾವಗಡದ ನ್ಯಾಯಾಲಯದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಅಥವಾ 15100ಕ್ಕೆ ಕರೆ ಮಾಡಿ. ಕರೆ ಮಾಡಿದ ಕೂಡಲೇ, ವಿಷಯಕ್ಕೂ ಮೊದಲು, ನಿಮಗೆ ಯಾವ ಹೊತ್ತಿನಲ್ಲಿ ಯಾವ ನಂಬರಿಗೆ ಮರಳಿ ಕರೆ ಮಾಡಬಹುದು, ಹಳೆಯ ನಂಬರಿಗೆ ಸಂದೇಶ ಕಳಿಸಬಾರದು ಎಂದು ಹೇಳಿಬಿಡಿ. ಎರಡನೆಯದಾಗಿ, ಅರ್ಜಿ, ನೋಟಿಸ್, ಆದೇಶ ಎಲ್ಲವನ್ನೂ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದ ಕಡತವಾಗಿ ಕೇಳಿ. ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಿದ ಪಿಡಿಎಫ್ ಟಾಕ್‌ಬ್ಯಾಕ್‌ಗೆ ಬರೀ ಚಿತ್ರ, ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕೇಳಿಸುತ್ತದೆ. ನ್ಯಾಯಾಲಯದ ಕಾಗದಪತ್ರ ನಿಮಗೆ ಓದಲು ಬರುವ ರೂಪದಲ್ಲಿ ಸಿಗಬೇಕು ಎಂಬುದು ಅದೇ 2016ರ ಕಾಯ್ದೆಯ 12ನೇ ಸೆಕ್ಷನ್‌ನ ಆಶಯ. ಆ ಕಡತ ಕೈಗೆ ಬಂದರೆ ನಿಮ್ಮ ಅರ್ಜಿಯಲ್ಲಿ ವಕೀಲರು ಏನು ಬರೆದಿದ್ದಾರೆ ಎಂದು ಮೂರನೆಯವರನ್ನು ಕೇಳದೆ ನೀವೇ ಕೇಳಿಸಿಕೊಂಡು, ತಿದ್ದಬೇಕಾದದ್ದನ್ನು ಸಹಿಗೆ ಮುಂಚೆಯೇ ತಿದ್ದಿಸಬಹುದು.